ಜಗಲಿಯ ಮಾತು: ಅರ್ಹತೆಯೂ ಯೋಗ್ಯತೆಯೂ

ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ವಿರಾಮವು ಹೆಚ್ಚಾಗುವುದೆಂದು ನಾನು ಎಣಿಸಿದ್ದೆನು. ಹಾಗಾಗಲಿಲ್ಲ. ಮೊದಲು ಮಕ್ಕಳು ಗಂಟೆ ಹೊಡೆದಾಗ ಬರುತ್ತಿದ್ದರು. ಈಗ ಅವರ ತಂದೆತಾಯಿಗಳು ಗಂಟೆಯ ಗೊಡವೆಯಿಲ್ಲದೆ ಬರುತ್ತಾರೆ. ನಮ್ಮ ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನ ಒಂದು ಭಾಗವಾಗಿದ್ದು ಈಚೆಗೆ ತಾನೇ ತಾಲ್ಲೂಕಿನ ಕೇಂದ್ರವಾಗಿದ್ದರೂ, ಮೇಷ್ಟರ ಮನೆಯ ಜಗಲಿಗೆ ಅಪ್ಪಣೆ ಕೇಳಿ ಹತ್ತುವ ಪದ್ಧತಿಯು ಇನ್ನೂ ಇಲ್ಲಿಗೆ ಬಂದಿಲ್ಲ. ಬಾರದಿರಲೆಂದೇ ನನ್ನ ಆಸೆ.

ಕಳೆದ ಬೇಸಿಗೆಯ ಒಂದು ಸಂಜೆ, ಸವಳಂಗ ರಸ್ತೆಯ ಕಡೆ ಕಿರಾಣಿ ಅಂಗಡಿಯನ್ನಿಟ್ಟಿರುವ ಗೃಹಸ್ಥರೊಬ್ಬರು ಪತ್ನಿಯನ್ನೂ ಮಗಳನ್ನೂ ಕರೆದುಕೊಂಡು ಬಂದರು. ಹುಡುಗಿಯು ರಜೆ ಕಳೆದರೆ ಎಂಟನೆಯ ತರಗತಿಗೆ ಹೋಗತಕ್ಕವಳು. ಕುಶಲಪ್ರಶ್ನೆಯಾದ ಬಳಿಕ ತಂದೆಯು ಜೇಬಿನಿಂದ ಒಂದು ಚೀಟಿಯನ್ನು ತೆಗೆದು ನನ್ನ ಕೈಗಿತ್ತರು.

“ಮೇಷ್ಟ್ರೇ, ಇವಳನ್ನು ಡಾಕ್ಟರು ಮಾಡಬೇಕೆಂದು ನಮ್ಮ ಆಸೆ. ಬರೀ ಓದಿದರೆ ಈಗ ಸಾಲದಂತೆ. ಬೆಂಗಳೂರಿನಲ್ಲಿರುವ ನಮ್ಮ ಷಡ್ಡಕರು ಹೇಳಿದರು, ಸರ್ಟಿಫಿಕೇಟುಗಳೂ ಬೇಕಂತೆ. ಇದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ, ನೀವೇ ಗುರುತು ಹಾಕಿಕೊಡಿ.”

ಚೀಟಿಯಲ್ಲಿ ಅಬಾಕಸ್, ಕರಾಟೆ, ಕೀಬೋರ್ಡು, ಚೆಸ್ಸು, ಇಂಗ್ಲಿಷ್ ಸಂಭಾಷಣೆ ಎಂದಿತ್ತು. ಕೊನೆಯಲ್ಲಿ, ಭಾನುವಾರ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಕಲಿಯತಕ್ಕ ಭರತನಾಟ್ಯ. ನಾನು ಬೆರಳ ಮೇಲೆ ಕೂಡಿಸಿ ನೋಡಿದೆನು. ಬಸ್ಸಿನ ಹೊತ್ತನ್ನು ಬಿಟ್ಟು ವಾರಕ್ಕೆ 16 ಗಂಟೆ. “ನಿನಗೆ ಇದರಲ್ಲಿ ಯಾವುದು ಇಷ್ಟ, ಮಗೂ?” ಎಂದು ಕೇಳಿದೆನು. ಅವಳು ತಾಯಿಯ ಮುಖವನ್ನು ನೋಡಿದಳು. ತಾಯಿಯು ತಂದೆಯ ಮುಖವನ್ನು ನೋಡಿದರು. ತಂದೆಯು ನನ್ನ ಮುಖವನ್ನು ನೋಡಿದರು. ಉತ್ತರವನ್ನು ಹೇಳಬೇಕಾದವರು ಯಾರೆಂಬುದೇ ಆ ಮನೆಯಲ್ಲಿ ನಿಶ್ಚಯವಾಗಿರಲಿಲ್ಲ.

ಇಂಥ ಚೀಟಿಗಳು ನಮ್ಮ ಓದುಗರ ಮನೆಗಳಲ್ಲಿಯೂ ಇರಬಹುದಾದ್ದರಿಂದ ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಮೊದಲು ಲೆಕ್ಕದ ಮಾತನ್ನು ಮುಗಿಸಿಬಿಡೋಣ. ನಮ್ಮ ದೇಶದಲ್ಲಿ ವೈದ್ಯಶಿಕ್ಷಣದ ಪ್ರವೇಶವು ನೀಟ್ ಎಂಬ ಒಂದೇ ಪರೀಕ್ಷೆಯ ಮೇಲೆ ನಿಂತಿದೆ. 2025ರಲ್ಲಿ ಅದರಲ್ಲಿ ಭೌತಶಾಸ್ತ್ರದ 45, ರಸಾಯನಶಾಸ್ತ್ರದ 45, ಜೀವಶಾಸ್ತ್ರದ 90, ಹೀಗೆ 180 ಪ್ರಶ್ನೆಗಳಿದ್ದುವು. ಒಟ್ಟು ಅಂಕಗಳು 720. ಹಾಡು, ಕುಣಿತ, ಚದುರಂಗ ಇವುಗಳ ಪ್ರಶಸ್ತಿಪತ್ರವೊಂದನ್ನು ಲಗತ್ತಿಸಿದರೆ 720ರ ಜತೆಗೆ ಅರ್ಧ ಅಂಕವೂ ಸೇರುವುದಿಲ್ಲ. ಇಂಜಿನಿಯರಿಂಗಿಗೆ ನಮ್ಮ ರಾಜ್ಯದ ಸಿ.ಇ.ಟಿ. ಅಂಕಗಳನ್ನು ಅರ್ಧ, ದ್ವಿತೀಯ ಪಿ.ಯು.ಸಿ.ಯ ಅಂಕಗಳನ್ನು ಅರ್ಧ ಹಿಡಿದು ಶ್ರೇಣಿಯನ್ನು ಕಟ್ಟುತ್ತಾರೆ. ಅಲ್ಲಿಯೂ ಕೀಬೋರ್ಡಿಗೆ ಜಾಗವಿಲ್ಲ. ಆದಕಾರಣ ಷಡ್ಡಕರ ಮಾತು ಈ ಮಟ್ಟಿಗೆ ತಪ್ಪೆಂದೇ ಹೇಳಬೇಕು.

ಆದರೆ ಪೂರ್ತಿ ತಪ್ಪೂ ಅಲ್ಲ. ಎನ್.ಸಿ.ಸಿ., ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್ ಇವುಗಳಲ್ಲಿ ನಿಜವಾಗಿ ಮೇಲೇರಿದವರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವಿಶೇಷ ವರ್ಗವೆಂದು ಕೆಲವು ಸ್ಥಾನಗಳನ್ನು ತೆಗೆದಿಡುತ್ತದೆ. ಅವು ಕೆಲವೇ, ಯಾವ ಶಿಕ್ಷಣಕ್ಕೆ, ಯಾವ ಮಟ್ಟದ ಪತ್ರಕ್ಕೆ ಎಂಬುದನ್ನು ಪ್ರಾಧಿಕಾರವು ವರ್ಷವರ್ಷವೂ ಹೊರಡಿಸುವ ಮಾಹಿತಿ ಪುಸ್ತಕದಲ್ಲಿ ನೋಡಿಕೊಳ್ಳತಕ್ಕದ್ದು, ಬಂಧುಗಳ ಬಾಯಿಂದಲ್ಲ. ವಾಸ್ತುಶಿಲ್ಪವನ್ನು ಓದಬೇಕೆನ್ನುವವರಿಗೆ ನಾಟಾ ಎಂಬ ಪರೀಕ್ಷೆಯಿದೆ. ಅದು ಕಣ್ಣಿನ ಮತ್ತು ಕೈಯ ಶಕ್ತಿಯನ್ನು ನೋಡುವುದರಿಂದ ಬಾಲ್ಯದಲ್ಲಿ ಗೋಡೆಯ ಮೇಲೆ ಚಿತ್ರ ಬರೆದು ಬೈಸಿಕೊಂಡವನಿಗೆ ಅಲ್ಲಿ ಅನುಕೂಲವುಂಟು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ದಾರಿಯಾದ ಕ್ಲ್ಯಾಟ್ ಪರೀಕ್ಷೆಯಲ್ಲಿ ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳು. ಅವುಗಳಲ್ಲಿ ಬಹುಭಾಗವು ನೀಳವಾದ ಗದ್ಯಖಂಡಗಳನ್ನು ಓದಿ ಉತ್ತರಿಸತಕ್ಕವು. ದಿನಪತ್ರಿಕೆಯನ್ನು ಆರು ವರ್ಷ ಬಿಡದೆ ಓದಿದ ಮಗುವಿಗೂ ಆರು ತಿಂಗಳು ತರಬೇತಿಗೆ ಹೋದ ಮಗುವಿಗೂ ಇರುವ ಭೇದವು ಅಲ್ಲಿ ಕಂಡುಬರುತ್ತದೆ.

ನಮ್ಮಂಥ ಬೇಸಾಯದ ಸೀಮೆಗೆ ಹತ್ತಿರವಾದ ಇನ್ನೊಂದು ಉದಾಹರಣೆಯಿದೆ. ಕೃಷಿ ಪದವಿಗೆ ರೈತರ ಮಕ್ಕಳೆಂಬ ಮೀಸಲಿನಲ್ಲಿ ಹೋಗುವವರಿಗೆ ಪ್ರಾಯೋಗಿಕ ಪರೀಕ್ಷೆಯೊಂದುಂಟು. ಬೀಜ, ಬೆಳೆ, ಉಪಕರಣ ಇವುಗಳನ್ನು ಕಂಡು ಗುರುತಿಸಬೇಕು. ನನ್ನ ಶಿಷ್ಯನೊಬ್ಬನು ಈ ಪರೀಕ್ಷೆಗೆ ಹೋಗಿ ಕೂರಿಗೆಯ ಮುಂದೆ ಮೂಕನಾಗಿ ನಿಂತು ಬಂದನು. ಅವನ ತಂದೆಗೆ ಎಂಟು ಎಕರೆ ಮೆಕ್ಕೆಜೋಳದ ಹೊಲ. ಮಗನು ಐದನೆಯ ತರಗತಿಯಿಂದ ವಿದ್ಯಾರ್ಥಿನಿಲಯದಲ್ಲಿದ್ದು ರಜೆಗೆ ಬಂದಾಗಲೂ “ಬಿಸಿಲಿಗೆ ಹೋಗಬೇಡ, ಓದಿಕೋ” ಎಂಬ ಉಪಚಾರದಲ್ಲಿ ಬೆಳೆದವನು. ಹೊಲಕ್ಕೆ ಹೋಗುವುದೇ ಅವನಿಗೆ ಆಗಬೇಕಾಗಿದ್ದ ಪಠ್ಯೇತರ ಚಟುವಟಿಕೆ. ಅದನ್ನೊಂದನ್ನು ತಪ್ಪಿಸಿ ಮಿಕ್ಕೆಲ್ಲವನ್ನೂ ಕಲಿಸಿದ್ದರು.

ಈಗ ಸಮುದ್ರದಾಚೆಯ ಸಂಗತಿಯನ್ನು ಹೇಳುತ್ತೇನೆ; ಏತಕ್ಕೆಂದರೆ ನಮ್ಮ ಚೀಟಿಗಳ ಮೂಲವು ಅನೇಕ ವೇಳೆ ಅಲ್ಲಿದೆ. ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆಗಾಗ ಪತ್ರವನ್ನು ಬರೆಯುತ್ತಾನೆ. ಅವನ ಮಗನಿಗೆ ವೈದ್ಯನಾಗಬೇಕೆಂಬ ಆಸೆ. ಅಲ್ಲಿ ನಾಲ್ಕು ವರ್ಷದ ಪದವಿಯಾದ ಮೇಲೆ ವೈದ್ಯವಿದ್ಯಾಲಯದ ಪ್ರವೇಶ. ಬಹುಪಾಲು ವಿದ್ಯಾಲಯಗಳಿಗೆ ಸಾಮಾನ್ಯವಾಗಿರುವ ಅರ್ಜಿಯಲ್ಲಿ ಅಂಕಗಳಲ್ಲದೆ ವಿದ್ಯಾರ್ಥಿಯು ಕೈಕೊಂಡ ಕಾರ್ಯಗಳನ್ನೂ ಬರೆಯಬೇಕು, 15ಕ್ಕೆ ಮೀರಕೂಡದು, ಒಂದೊಂದಕ್ಕೂ ಎಷ್ಟು ಗಂಟೆ ದುಡಿದೆ, ಅದನ್ನು ಬಲ್ಲವರು ಯಾರು ಎಂಬುದನ್ನು ತಿಳಿಸಬೇಕು, ಅವುಗಳೊಳಗೆ ಹೆಚ್ಚೆಂದರೆ 3ನ್ನು ತನಗೆ ಅತ್ಯಂತ ಸಾರ್ಥಕವಾದುವೆಂದು ಆರಿಸಿ ವಿವರಿಸಬಹುದು. ಆಸ್ಪತ್ರೆಯಲ್ಲಿನ ಸೇವೆ, ಸಂಶೋಧನೆ, ಕಲೆ, ಕ್ರೀಡೆ ಎಲ್ಲಕ್ಕೂ ಸ್ಥಾನವಿದೆ. ಕೂಲಿಗಾಗಿ ಮಾಡಿದ ಕೆಲಸಕ್ಕೂ ಸ್ಥಾನವಿದೆಯೆಂಬುದನ್ನು ನಮ್ಮ ತಂದೆತಾಯಿಗಳು ಗಮನಿಸಬೇಕು: ತಂದೆಯ ಅಂಗಡಿಯಲ್ಲಿ ತಕ್ಕಡಿ ಹಿಡಿದು ಗಿರಾಕಿಗಳೊಡನೆ ತಾಳ್ಮೆಯಿಂದ ಮಾತನಾಡುವುದನ್ನು ಅವರು ಕೀಳೆಂದು ಎಣಿಸುವುದಿಲ್ಲ.

ಇದನ್ನು ಓದಿ ನನಗೆ ಮೊದಲು ಸಂತೋಷವಾಯಿತು. ಪತ್ರದ ಉತ್ತರಾರ್ಧವನ್ನು ಓದುವಾಗ ಅದು ಉಳಿಯಲಿಲ್ಲ. “ಸಾರ್, 15 ಎಂದರೆ 15ನ್ನೂ ತುಂಬಬೇಕೆಂದು ಇಲ್ಲಿಯ ನಮ್ಮವರೆಲ್ಲರೂ ಓಡುತ್ತಿದ್ದಾರೆ. ನನ್ನ ಮಗನಿಗೆ ಈಗ ಎಂಟು ಕಾರ್ಯಗಳಿವೆ. ನಿದ್ದೆಯಿಲ್ಲ. ಯಾವುದು ಸಾರ್ಥಕವಾಯಿತೆಂದು ಕೇಳಿದರೆ ಏನು ಬರೆಯಲಿ ಎಂದು ನನ್ನನ್ನೇ ಕೇಳುತ್ತಾನೆ” ಎಂದು ಬರೆದಿದ್ದನು. ಕೇಳುವ ಕಡೆ ಒಂದು ರೋಗ, ಕೇಳದ ಕಡೆ ಇನ್ನೊಂದು ರೋಗ. ಅಲ್ಲಿ ಪಟ್ಟಿಗಾಗಿ ಎಲ್ಲವನ್ನೂ ಮಾಡಿಸುತ್ತಾರೆ. ಇಲ್ಲಿ ಪಟ್ಟಿಯಲ್ಲಿಲ್ಲವೆಂದು ಎಲ್ಲವನ್ನೂ ಬಿಡಿಸುತ್ತಾರೆ. ಮಗುವಿನ ಮುಖವನ್ನು ನೋಡುವವರು ಎರಡು ಕಡೆಯಲ್ಲಿಯೂ ಕಡಿಮೆ.

ಬಿಡಿಸುವವರಲ್ಲಿ ನಾನೂ ಒಬ್ಬನಾಗಿದ್ದೆನು. ಅದನ್ನು ಈ ಪುಟದಲ್ಲಿ ಹೇಳಿಕೊಳ್ಳದೆ ಮುಂದಕ್ಕೆ ಉಪದೇಶ ಮಾಡುವುದು ನನಗೆ ಸಲ್ಲದು.

ಸುಮಾರು 20 ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಬುದ್ಧಿವಂತೆ, ಒಮ್ಮೆ ಹೇಳಿದ ಶಬ್ದರೂಪವನ್ನು ಮರೆಯುತ್ತಿರಲಿಲ್ಲ. ಶಾಲೆಯ ನಾಟಕ, ಹಾಡು, ಊರಿನ ರಕ್ತದಾನ ಶಿಬಿರದಲ್ಲಿ ಬಂದವರಿಗೆ ನೀರು ಕೊಡುವ ಕೆಲಸ, ಎಲ್ಲದರಲ್ಲಿಯೂ ಮುಂದು. ತಂದೆಯು ನನ್ನಲ್ಲಿಗೆ ಬಂದು “ಇವಳಿಗೆ ಮೆಡಿಕಲ್ ಸೀಟು ಬರಬೇಕು, ಏನು ಮಾಡಲಿ?” ಎಂದು ಕೇಳಿದರು. ನಾನು ಹಿಂದೆಮುಂದೆ ನೋಡದೆ, “ಹಾಡು, ನಾಟಕ, ಶಿಬಿರ ಎಲ್ಲವೂ ಸೀಟು ಸಿಕ್ಕಿದ ಮೇಲೆ, ಅಲ್ಲಿಯವರೆಗೆ ಪುಸ್ತಕ ಬಿಟ್ಟು ಏಳಕೂಡದು” ಎಂದೆನು. ನನ್ನ ಮಾತು ಆ ಮನೆಯಲ್ಲಿ ವೇದವಾಕ್ಯವಾಯಿತು. ಮೂರು ವರ್ಷ ಅವಳು ಏಳಲಿಲ್ಲ. ಸೀಟು ಸಿಕ್ಕಿತು. ಊರಿನಲ್ಲಿ ಪೇಡೆ ಹಂಚಿದರು. ನಾನೂ ಎರಡು ತಿಂದೆನು.

ಎರಡನೆಯ ವರ್ಷ ವಾರ್ಡಿನ ಕೆಲಸಕ್ಕೆ ಹೋಗಬೇಕಾದಾಗ ಹುಡುಗಿಯು ಕಂಗೆಟ್ಟಳು. ರೋಗಿಯ ಹತ್ತಿರ ನಿಂತು ಹೆಸರು ಕೇಳುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತಂತೆ. ಆರೇಳು ತಿಂಗಳು ಹೋರಾಡಿದಳು. ಕಡೆಗೆ ಬಿಟ್ಟು ಮನೆಗೆ ಬಂದಳು. ತಂದೆಯು ಒಂದು ವರ್ಷ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಒಂದು ದಿನ ಅವಳು ನಮ್ಮ ಜಗಲಿಗೆ ಬಂದು ಕುಳಿತು, ನನ್ನ ಮೇಲೆ ಕಿಂಚಿತ್ತೂ ಕೋಪವಿಲ್ಲದೆ ಹೇಳಿದಳು: “ಸಾರ್, ಆ ಕೆಲಸ ನನಗೆ ಆಗುವುದೋ ಇಲ್ಲವೋ ಎಂದು ತಿಳಿಯುವುದಕ್ಕೆ ನನಗೆ ಒಂದು ದಿನವೂ ಸಿಗಲಿಲ್ಲ. ಹತ್ತನೆಯ ತರಗತಿಯಲ್ಲಿ ಮಾತಾಡಲು ಹೆದರದವಳು, ಮೂರು ವರ್ಷ ಪುಸ್ತಕದೊಂದಿಗೆ ಮಾತ್ರ ಇದ್ದು ಮನುಷ್ಯರನ್ನು ಮರೆತುಬಿಟ್ಟೆ.” ಈಗ ಅವಳು ಬೇರೊಂದು ಊರಿನಲ್ಲಿ ಉಪಾಧ್ಯಾಯಿನಿ, ಸುಖವಾಗಿದ್ದಾಳೆ, ತನ್ನ ಶಾಲೆಯಲ್ಲಿ ಮಕ್ಕಳಿಂದ ನಾಟಕವಾಡಿಸುತ್ತಾಳೆ. ಬಿಡದಿದ್ದರೆ ಒಳ್ಳೆಯ ವೈದ್ಯೆಯೇ ಆಗುತ್ತಿದ್ದಳೋ, ಅಥವಾ ಮೊದಲೇ ತಿಳಿದು ಬೇರೆ ದಾರಿ ಹಿಡಿಯುತ್ತಿದ್ದಳೋ ಹೇಳಲಾರೆನು. ಎರಡರಲ್ಲಿ ಯಾವುದಾದರೂ ಒಂದು ಆಗಬೇಕಾಗಿತ್ತು. ಎರಡನ್ನೂ ನಾನು ತಪ್ಪಿಸಿದೆನು.

ಆಮೇಲೆ ಒಂದು ದಿನ ಸುಶ್ರುತಸಂಹಿತೆಯನ್ನು ತಿರುವುತ್ತಿದ್ದಾಗ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ನನ್ನ ಕಣ್ಣಿಗೆ ಬಿದ್ದಿತು. ಅದಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ಸಂಸ್ಕೃತದಲ್ಲಿ “ಯೋಗ್ಯಾ” ಎಂದರೆ ಅಭ್ಯಾಸ, ಕೈಪಳಗಿಸುವ ಸಾಧನೆ. ಶಿಷ್ಯನು ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಮೇಲೂ ಗುರುವು ಅವನನ್ನು ರೋಗಿಯ ಬಳಿಗೆ ಬಿಡದೆ ಈ ಸಾಧನೆಯನ್ನು ಮಾಡಿಸಬೇಕೆಂದು ಅಲ್ಲಿ ವಿಧಿಸಿದೆ. ಕುಂಬಳ, ಸೋರೆ, ಸೌತೆ ಇವುಗಳ ಮೇಲೆ ಕೊಯ್ಯುವುದನ್ನು ಕಲಿಯಬೇಕು. ನೀರು ತುಂಬಿದ ತೊಗಲಿನ ಚೀಲದ ಮೇಲೆ ಚುಚ್ಚುವುದನ್ನು. ನೈದಿಲೆಯ ದಂಟಿನ ಮೇಲೆ ರಕ್ತನಾಳವನ್ನು ತೆರೆಯುವುದನ್ನು. ಹುಳು ತಿಂದ ಮರದ ತೂತುಗಳಲ್ಲಿ ಶಲಾಕೆಯನ್ನಾಡಿಸುವುದನ್ನು. ಹಲಸು ಬಿಲ್ವಗಳ ತಿರುಳಿನೊಳಗಿಂದ ಬೀಜವನ್ನು ಹೊರತೆಗೆಯುವುದನ್ನು. ಬಟ್ಟೆಯ ಅಂಚುಗಳಲ್ಲಿ ಹೊಲಿಗೆಯನ್ನು. ಬೊಂಬೆಯ ಅಂಗಾಂಗಗಳ ಮೇಲೆ ಪಟ್ಟಿ ಕಟ್ಟುವುದನ್ನು. ಎಷ್ಟು ಓದಿದ್ದರೂ ಯೋಗ್ಯಾ ಇಲ್ಲದವನು ಕೆಲಸಕ್ಕೆ ಅಯೋಗ್ಯನೆಂಬುದೇ ಆ ಅಧ್ಯಾಯದ ತಾತ್ಪರ್ಯ.

ನಾವು ದಿನವೂ ಆಡುವ “ಯೋಗ್ಯತೆ” ಎಂಬ ಮಾತು ಈ ಯೋಗ್ಯಾ ಶಬ್ದದ ಒಡಹುಟ್ಟು. ಎರಡೂ ಯುಜ್ ಎಂಬ ಒಂದೇ ಧಾತುವಿನಿಂದ ಬಂದುವು. ನೀಟ್ ಪರೀಕ್ಷೆಯ ಹೆಸರಿನಲ್ಲಿರುವುದು ಮಾತ್ರ ಅರ್ಹತೆ. ಅರ್ಹತೆಯೆಂದರೆ ಬಾಗಿಲಲ್ಲಿ ಅಳೆದು ಕೊಡುವ ಬೆಲೆ. ಅದನ್ನು ಮೂರು ಗಂಟೆಗಳಲ್ಲಿ ಅಳೆಯಬಹುದು. ಯೋಗ್ಯತೆಯು ಒಳಗೆ ಹೋದ ಮೇಲೆ ದಿನವೂ ಕೇಳಲ್ಪಡುವಂಥದು; ಅದು ಬೆಳೆಯಲು ವರ್ಷಗಳು ಬೇಕು. ಎರಡೂ ಬೇಕು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕಡಿದುಹಾಕುವುದೇ ಅನ್ಯಾಯ.

ಇನ್ನೊಂದು ಕಾರಣವನ್ನೂ ಮರೆಯಲಾಗದು. 2025ರಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಮಿಕ್ಕಿ ಇದ್ದರು, ದೇಶದಲ್ಲಿರುವ ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಎಂದಮೇಲೆ ಬರೆದವರಲ್ಲಿ ಬಹುಮಂದಿಗೆ ಸ್ಥಾನ ಸಿಕ್ಕದೆಂಬುದು ಗಣಿತಸಿದ್ಧ. ಅಂಥ ಮಗುವು ಪಟ್ಟಿಯಲ್ಲಿ ಹೆಸರಿಲ್ಲದೆ ಮನೆಗೆ ಬಂದ ದಿನ ಅದರ ಕೈಯಲ್ಲಿ ಏನು ಉಳಿದಿರಬೇಕು? ಓದೊಂದನ್ನೇ ಬಲ್ಲ ಮಗುವಿಗೆ ಆ ದಿನ ಲೋಕವೇ ಮುಳುಗಿದಂತೆ. ಮನಸ್ಸಿಟ್ಟು ಕಲಿತ ಕೆಲಸ ಇನ್ನೊಂದಿದ್ದರೆ ಕಾಲೂರುವುದಕ್ಕೆ ನೆಲವಿದ್ದಂತೆ.

ಹಾಗಾದರೆ ಆರಿಸುವುದು ಹೇಗೆ? ನನಗೆ ತೋರಿದಷ್ಟನ್ನು ಹೇಳುತ್ತೇನೆ.

ಮುಂದೆ ಹಿಡಿಯಬೇಕೆಂದಿರುವ ವೃತ್ತಿಯ ದಿನಚರಿಗೆ ಹತ್ತಿರವಾದ ಕೆಲಸ ಒಂದಿರಲಿ. ವೈದ್ಯನಾಗಬೇಕೆನ್ನುವ ಮಗುವು ಮನೆಯ ವೃದ್ಧರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಾಲಿನಲ್ಲಿ ಕಾದು, ಮದ್ದಿನ ವೇಳೆಯನ್ನು ಅರಿತು ಬರಲಿ. ಪಶುವೈದ್ಯನಾಗಬೇಕೆನ್ನುವವನು ಕೊಟ್ಟಿಗೆಯ ಸಗಣಿಯನ್ನು ಬಾಚಲಿ. ಇಂಜಿನಿಯರಾಗಬೇಕೆನ್ನುವವಳು ಹೊಲದ ಪಂಪಿನ ಮೋಟಾರನ್ನು ಬಿಚ್ಚುವಾಗ ಮಿಸ್ತ್ರಿಯ ಪಕ್ಕದಲ್ಲಿ ನಿಂತು ಪಾನಾ ಕೊಡಲಿ. ವಕೀಲನಾಗಬೇಕೆನ್ನುವವನು ಓದುಬರಹ ಬಾರದವರ ಅರ್ಜಿಗಳನ್ನು ಬರೆದುಕೊಡಲಿ. ಇವಕ್ಕೆ ಶುಲ್ಕವಿಲ್ಲ, ನ್ಯಾಮತಿಯಲ್ಲಿಯೇ ದೊರೆಯುತ್ತವೆ. ಇದರಿಂದ ಆ ಕೆಲಸವು ತನಗೆ ಬೇಡವೆಂದು ಮಗುವಿಗೆ ತಿಳಿದರೂ ಅದು ನಷ್ಟವಲ್ಲ. ಹದಿಮೂರನೆಯ ವಯಸ್ಸಿನಲ್ಲಿ ತಿಳಿಯುವುದು ಇಪ್ಪತ್ತರಲ್ಲಿ ತಿಳಿಯುವುದಕ್ಕಿಂತ ಎಷ್ಟೋ ಮೇಲು.

ವೃತ್ತಿಗೆ ಸಂಬಂಧವೇ ಇಲ್ಲದ, ಕೇವಲ ಸಂತೋಷಕ್ಕಾದ ಕೆಲಸ ಇನ್ನೊಂದಿರಲಿ. ಅದನ್ನು ಆರಿಸುವ ಹಕ್ಕು ಮಗುವಿನದು. ಹಾಡೋ, ಕಬಡ್ಡಿಯೋ, ಚಿತ್ರವೋ, ಕೈತೋಟವೋ. ಯಾರೂ ಹೇಳದೆ ಇದ್ದಾಗಲೂ ಮಗುವು ಯಾವುದರ ಕಡೆಗೆ ಹೋಗುತ್ತದೆಯೋ ಅದೇ ಅದರದು. ಇದನ್ನು ತಿಳಿಯುವುದಕ್ಕೆ ಒಂದು ರಜೆಯಲ್ಲಿ ಹದಿನೈದು ದಿನ ಏನನ್ನೂ ಹೇಳದೆ ಸುಮ್ಮನೆ ನೋಡಬೇಕು. ತಂದೆತಾಯಿಗಳಿಗೆ ಇದಕ್ಕಿಂತ ಕಠಿಣವಾದ ವ್ರತವಿಲ್ಲವೆಂಬುದನ್ನು ನಾನು ಬಲ್ಲೆನು.

ಎರಡೇ ಸಾಕು, ಆದರೆ ವರ್ಷಗಟ್ಟಲೆ ನಡೆಯಲಿ. ಆರು ವಿದ್ಯೆಗಳನ್ನು ಆರು ತಿಂಗಳು ಮೂಸಿ ನೋಡಿದವನಿಗೆ ಬರುವುದು ಮೂಸುವ ವಿದ್ಯೆಯೊಂದೇ. ಪಿ.ಯು.ಸಿ.ಯ ಎರಡು ವರ್ಷಗಳಲ್ಲಿ ಹೊತ್ತು ಕಡಿಮೆಯಾಗುವುದು ಸಹಜ. ದಿನಕ್ಕೆ ಒಂದು ಗಂಟೆಯಿದ್ದುದು ವಾರಕ್ಕೆ ಎರಡು ಗಂಟೆಯಾಗಲಿ, ಸೊನ್ನೆಯಾಗುವುದು ಬೇಡ. ನಿದ್ರೆಯನ್ನು ಕದ್ದು ಯಾವುದಕ್ಕೂ ಹೊತ್ತು ಕೊಡಕೂಡದು. ಪ್ರಶಸ್ತಿಪತ್ರ ಬಂದರೆ ಸಂದೂಕದಲ್ಲಿಡಿ, ಅದಕ್ಕಾಗಿ ಕಲಿಸಬೇಡಿ.

ಇನ್ನು ನಮ್ಮ ಅಂಗಡಿಯ ಗೃಹಸ್ಥರ ಸಂಗತಿ. ಅವರು ಚೀಟಿಯನ್ನು ಕೊಟ್ಟು ಕಾಯುತ್ತಿರಲು, ನಾನು ಹುಡುಗಿಯನ್ನು “ಸಂಜೆ ಹೊತ್ತು ಏನು ಮಾಡುತ್ತೀಯೆ?” ಎಂದು ಕೇಳಿದೆನು. “ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ. ಬೆರಳಿಗೆ ಚುಚ್ಚಿ ನೋಡಿ ಬರೆದಿಡುತ್ತೇನೆ” ಎಂದಳು. “ಎಲ್ಲಿ ಬರೆಯುತ್ತೀಯೆ?” “ನೋಟ್‌ಬುಕ್ಕಿನಲ್ಲಿ. ಎರಡು ವರ್ಷದ್ದು ಇದೆ. ಜಾತ್ರೆಗೆ ಹೋಗಿ ಬಂದ ಮರುದಿನ ಯಾವಾಗಲೂ ಜಾಸ್ತಿ ಇರುತ್ತದೆ. ಮಂಡಕ್ಕಿ ತಿಂದಿದ್ದು ಎಂದು ಅಜ್ಜಿ ಹೇಳುತ್ತಾಳೆ, ಆದರೆ ಅವಳು ಬೆಂಡು ಬತ್ತಾಸೂ ತಿಂದಿರುತ್ತಾಳೆ.”

ಎರಡು ವರ್ಷಗಳಿಂದ ಆ ಪುಸ್ತಕವು ಮನೆಯಲ್ಲಿದ್ದುದು ತಂದೆಗೆ ತಿಳಿದಿತ್ತು. ಆದರೆ ಅದನ್ನು ಚೀಟಿಯಲ್ಲಿ ಬರೆಯಬೇಕೆಂದು ಅವರಿಗೆ ತೋರಿರಲಿಲ್ಲ. ನಾನು ಚೀಟಿಯ ಮೇಲ್ಭಾಗದಲ್ಲಿ “ಅಜ್ಜಿಯ ನೋಟ್‌ಬುಕ್ಕು” ಎಂದು ಬರೆದು, “ಉಳಿದವುಗಳಲ್ಲಿ ಒಂದನ್ನು ನೀನೇ ಇಟ್ಟುಕೋ, ಮಗೂ” ಎಂದೆನು. ಈ ಸಲ ಅವಳು ಯಾರ ಮುಖವನ್ನೂ ನೋಡದೆ “ಕರಾಟೆ” ಎಂದಳು. ತಾಯಿಗೆ ಆಶ್ಚರ್ಯವಾಯಿತು, ಅವರ ಮನಸ್ಸು ಭರತನಾಟ್ಯದ ಮೇಲಿತ್ತು.

ತಂದೆಯು ಹೊರಡುವಾಗ ಮೆಟ್ಟಿಲಿನ ಮೇಲೆ ನಿಂತು, “ಮೇಷ್ಟ್ರೇ, ನಿಜ ಹೇಳಿ. ಇಷ್ಟರಿಂದ ಸೀಟು ಸಿಕ್ಕುತ್ತದೆಯೇ?” ಎಂದು ಕೇಳಿದರು. ನಾನು ನಿಜವನ್ನೇ ಹೇಳಿದೆನು: ಆ ನೋಟ್‌ಬುಕ್ಕಿನಿಂದ ಒಂದು ಅಂಕವೂ ಬಾರದು. ಸೀಟಿಗಾಗಿ ಅವಳು ಓದಲೇಬೇಕು, ಕಷ್ಟಪಟ್ಟು ಓದಬೇಕು. ಸೀಟು ಸಿಕ್ಕಿದರೆ ರೋಗಿಯ ಹತ್ತಿರ ನಿಂತಾಗ ಅವಳ ಗಂಟಲು ಕಟ್ಟದಿರಲು ಆ ಪುಸ್ತಕವು ಬೇಕು. ಸಿಕ್ಕದಿದ್ದರೆ ಅಜ್ಜಿಯಾದರೂ ನಾಲ್ಕು ದಿನ ಹೆಚ್ಚು ಸುಖವಾಗಿರುತ್ತಾರೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಹರಿದುಹಾಕಲಿಲ್ಲ. ಮನಸ್ಸು ಪೂರ್ತಿ ಒಪ್ಪಿತೆಂದು ನಾನು ಹೇಳಲಾರೆನು. ಆದರೆ ಶಾಲೆ ತೆರೆದ ಮೇಲೆ ಭಾನುವಾರದ ಶಿವಮೊಗ್ಗದ ಬಸ್ಸಿನಲ್ಲಿ ಆ ಮಗುವನ್ನು ನಾನು ಕಂಡಿಲ್ಲ.

ನಮ್ಮ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಮಗುವು ಯಾರೂ ಹೇಳದೆ ಮಾಡುತ್ತಿರುವ ಕೆಲಸ ಯಾವುದೆಂಬುದನ್ನು ಈ ತಿಂಗಳು ನೋಡಿ, ಒಂದು ಕಾಗದದಲ್ಲಿ ಬರೆದು ಕಳುಹಿಸಿರಿ. ಮುಂದಿನ ಸಂಚಿಕೆಗಳಲ್ಲಿ ಅವುಗಳನ್ನು ಕುರಿತು ಮಾತನಾಡೋಣ.